ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಹುಟ್ಟಿದ್ದೇನೋ ದನದ ಕೊಟ್ಟಿಗೆಯಲ್ಲಿ. ಆದರೆ ಅದು ಸಂಸಾರ ಹೂಡಿ ಮಕ್ಕಳು ಮರಿಗಳೊಂದಿಗೆ ಬೆಳೆದದ್ದು ಆಫೀಸುಗಳಲ್ಲಿ ಎಂದು ನಮ್ಮ ದೃಢವಾದ ಅಭಿಪ್ರಾಯ. ಎಲ್ಲಿಯಾದರೂ ಒಂದು ಯಂತ್ರ ಕೆಟ್ಟು ನಿಂತಿತೆನ್ನಿ. "ಏನು ಕೆಟ್ಟಿದೆ?" ಎಂದು ಕೇಳುವವರು ಒಬ್ಬರಾದರೆ, "ಯಾರು ಕೆಡಿಸಿದ್ದು?" ಎಂದು ಕೇಳುವವರು ಒಂಬತ್ತು ಮಂದಿ. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕೈಗೆ ಎಣ್ಣೆ, ಮಸಿ ಹತ್ತುತ್ತದೆ. ಎರಡನೆಯದಕ್ಕಾದರೆ ಕುರ್ಚಿಯಿಂದ ಏಳಬೇಕಾಗಿಲ್ಲ. ಒಂದು ಮೆಮೊ ಸಾಕು. ಹಾಗಾಗಿಯೇ ಎಮ್ಮೆಗಳ ಮೈಮೇಲೆ ಇಷ್ಟೊಂದು ಬರೆ.

ಈ ಮಾತನ್ನು ನಾವು ಹೇಳಹೊರಟಿರುವುದು ಒಂದು ದೋಣಿಯ ವಿಷಯವಾಗಿ. ಬಯಲುಸೀಮೆಯಲ್ಲಿ ಹುಟ್ಟಿ, ಊರ ಕೆರೆಯನ್ನೇ ಸಮುದ್ರವೆಂದು ತಿಳಿದು ಬೆಳೆದ ನಮಗೂ ದೋಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಂದೊದಗಿದ್ದು ಫೈಲಿನ ಮೂಲಕ. ಗುಮಾಸ್ತನಾದವನಿಗೆ ಆನೆಯಿಂದ ಹಿಡಿದು ಆಣಿಕಲ್ಲಿನವರೆಗೆ ಎಲ್ಲದರ ಪರಿಚಯವೂ ಆಗುವುದು ಹಾಗೆಯೇ ತಾನೆ!

ನಾವು ಗುಮಾಸ್ತಗಿರಿ ಮಾಡುವ ಇಲಾಖೆಗೆ ಮುಂಬಯಿಯ ಬಂದರಿನಲ್ಲಿ ಒಂದು ಸಣ್ಣ ವೇಗದ ದೋಣಿ ಉಂಟು. ಖಾಡಿಗಳ ಒಳಹೊಕ್ಕು ತನಿಖೆ ಮಾಡಿ ಬರಲು ಅದನ್ನು ಇಟ್ಟಿದ್ದಾರೆ. ಇಲಾಖೆಯ ಹೆಸರೂ ದೋಣಿಯ ಕಂಪನಿಯ ಹೆಸರೂ ಇಲ್ಲಿ ಬೇಡ. ಅವು ಈ ಪ್ರಸಂಗಕ್ಕೆ ಅಗತ್ಯವಿಲ್ಲ. ನಮ್ಮ ನೌಕರಿಗೆ ಕ್ಷೇಮವೂ ಅಲ್ಲ.

ದೋಣಿಗೆ ಇಂಜಿನ್ನು ಕೂಡಿಸುವ ಕ್ರಮಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಇಂಜಿನ್ನನ್ನು ಇಡಿಯಾಗಿ ದೋಣಿಯ ಹಿಂಬದಿಗೆ ಹೊರಗಡೆ ತೂಗುಹಾಕುವುದು. ನಮ್ಮ ಕರಾವಳಿಯ ಸಣ್ಣ ಮೀನುದೋಣಿಗಳಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಎರಡನೆಯದು ಇಂಜಿನ್ನನ್ನು ಹೊಟ್ಟೆಯೊಳಗಿಟ್ಟು, ಉದ್ದನೆಯ ದಂಡವನ್ನು ತಳದಿಂದ ಹೊರಕ್ಕೆ ಚಾಚಿ, ತುದಿಗೆ ಪ್ರೊಪೆಲ್ಲರನ್ನು ಕಟ್ಟುವುದು. ದೊಡ್ಡ ಟ್ರಾಲರುಗಳದ್ದು ಈ ಪದ್ಧತಿ. ಮೂರನೆಯದು ಇವೆರಡರ ನಡುವಿನ ಬೀಗತನ. ಇಂಜಿನ್ನು ಮನೆಯೊಳಗೆ, ಕಾಲು ಬೀದಿಯಲ್ಲಿ! ಇಂಜಿನ್ನು ದೋಣಿಯ ಹಿಂಭಾಗದಲ್ಲಿ ಒಳಗೇ ಕುಳಿತಿರುತ್ತದೆ. ಹಿಂಬದಿಯ ಹಲಗೆಯನ್ನು ತೂರಿಕೊಂಡು ಹೊರಗೆ ಒಂದು ಲೋಹದ ಕಾಲು ನೀರಿಗಿಳಿದಿರುತ್ತದೆ. ಶಕ್ತಿಯು ಹಿಂದಕ್ಕೆ ಬಂದು, ಹಲ್ಲುಚಕ್ರಗಳ ಮೂಲಕ ಕೆಳಕ್ಕೆ ತಿರುಗಿ, ಮತ್ತೆ ಹಿಂದಕ್ಕೆ ತಿರುಗಿ ಪ್ರೊಪೆಲ್ಲರನ್ನು ಸೇರುತ್ತದೆ. ಇಂಗ್ಲಿಷಿನ ಝಡ್ ಅಕ್ಷರವನ್ನು ಬರೆದಂತೆ. ಇದಕ್ಕೆ ಸ್ಟರ್ನ್‌ಡ್ರೈವ್ ಎಂದು ಹೆಸರು. ಇದಕ್ಕೆ ಬೇರೆ ಚುಕ್ಕಾಣಿ ಇಲ್ಲ. ಕಾಲನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ.

ಜಿಮ್ ವಿನ್ ಎಂಬ ಅಮೆರಿಕನ್ ಇಂಜಿನಿಯರನು ರೂಪಿಸಿದ ಈ ಏರ್ಪಾಡನ್ನು ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿಯವರು ಅಕ್ವಾಮ್ಯಾಟಿಕ್ ಎಂಬ ಹೆಸರಿನಿಂದ 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ವೋಲ್ವೋ ಎಂದರೆ ರಾತ್ರಿ ಹತ್ತಿ ಬೆಳಿಗ್ಗೆ ಊರಲ್ಲಿ ಇಳಿಯುವ ಬಸ್ಸು ಎಂದಷ್ಟೇ ತಿಳಿದ ನಮಗೆ ಇದು ಹೊಸ ಸಂಗತಿಯಾಗಿತ್ತು. 1961ರಲ್ಲಿ ಅಮೆರಿಕದ ಮರ್ಕ್ರೂಸರ್ ಬಂತು. ಆಮೇಲೆ ಈ ಕಾಲುಳ್ಳ ದೋಣಿಗಳು ಎಲ್ಲೆಲ್ಲಿಯೂ ಹರಡಿದವು.

ಈ ಕಾಲಿಗೆ ಇನ್ನೊಂದು ಗುಣ ಉಂಟು. ಅದನ್ನು ಹಿಂದಕ್ಕೆ, ಮೇಲಕ್ಕೆ ಎತ್ತಬಹುದು. ನೀರು ಕಡಿಮೆಯಾದಲ್ಲಿ, ಪ್ರೊಪೆಲ್ಲರಿಗೆ ಬಲೆಯ ಹಗ್ಗವೋ ಪ್ಲಾಸ್ಟಿಕ್ ಚೀಲವೋ ಸುತ್ತಿಕೊಂಡಲ್ಲಿ, ದೋಣಿಯನ್ನು ದಂಡೆಗೆ ಎಳೆಯಬೇಕಾದಲ್ಲಿ ಕಾಲು ಎತ್ತಲೇಬೇಕು. ಮುಂಬಯಿಯಲ್ಲಂತೂ ಇದು ಬರಿಯ ಅನುಕೂಲವಲ್ಲ, ಅಗತ್ಯ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಇಲ್ಲಿಯ ಉಬ್ಬರಕ್ಕೂ ಇಳಿತಕ್ಕೂ 4 ಮೀಟರಿಗೂ ಮೀರಿದ ಅಂತರವುಂಟು. ಬೆಳಿಗ್ಗೆ ದೋಣಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಕೆಸರು ಹಾಸಿರುತ್ತದೆ. ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿಗಳು ಬಂದು ಅದರಲ್ಲಿ ಊಟಕ್ಕೆ ಕೂತಿರುತ್ತವೆ. ಕಾಲು ಏಳದ ದೋಣಿ ಅಲ್ಲಿ ಸಿಕ್ಕಿಕೊಂಡರೆ ಮತ್ತೆ ನೀರು ಏರಿ ಬರುವವರೆಗೆ ಗಂಟೆಗಟ್ಟಲೆ ಹಕ್ಕಿಗಳ ಸಹವಾಸವೇ ಗತಿ.

ಎತ್ತುವ ಕೆಲಸಕ್ಕೆ ಒಂದು ವಿದ್ಯುತ್ ಮೋಟಾರು. ಹೊಸ ಮಾದರಿಗಳಲ್ಲಿ ಮೋಟಾರು ಎಣ್ಣೆಯ ಪಂಪನ್ನು ತಿರುಗಿಸಿ, ಎಣ್ಣೆಯ ಒತ್ತಡ ಕಾಲನ್ನು ಎತ್ತುತ್ತದೆ. ನಮ್ಮದು ಹಳೆಯ ತರಹದ್ದು. ಮೋಟಾರಿನ ತುದಿಗೆ ತಿರುಪಿನಂಥ ಒಂದು ಗೇರು. ಅದು ಪಕ್ಕದ ಹಲ್ಲುಚಕ್ರವನ್ನು ಮೆಲ್ಲಮೆಲ್ಲನೆ ತಿರುಗಿಸುತ್ತದೆ. ಗಿಟಾರಿನ ಕಿವಿಯನ್ನು ನಾವು ತಿರುಗಿಸಿದರೆ ತಂತಿ ಬಿಗಿಯುತ್ತದೆ, ಆದರೆ ತಂತಿ ಎಷ್ಟು ಎಳೆದರೂ ಕಿವಿ ತಿರುಗದು, ಇದೂ ಹಾಗೆಯೇ. ಎತ್ತಿದ ಕಾಲು ಎತ್ತಿದಲ್ಲೇ ನಿಲ್ಲುತ್ತದೆ. ಬ್ಯಾಟರಿ, ಫ್ಯೂಸು, ಚಾಲಕನ ಕೈಯ ಸ್ವಿಚ್ಚು, ಏರಲು ಒಂದು ಇಳಿಯಲು ಒಂದು ರಿಲೇ, ಮೋಟಾರು, ತಿರುಪುಗೇರು: ಇಷ್ಟೇ ಸರಪಣಿ. ರಿಲೇ ಯಾಕೆಂದರೆ, ಮೋಟಾರು ಕುಡಿಯುವಷ್ಟು ವಿದ್ಯುತ್ತನ್ನು ಬೆರಳಿನ ಸ್ವಿಚ್ಚು ತಾಳಲಾರದು. ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುತ್ತದೆ, ದುಡಿಮೆ ರಿಲೇಯದು. ಆಫೀಸಿನ ಪದ್ಧತಿಯೇ ಅನ್ನಿ.

ಈಗ ಪ್ರಸಂಗಕ್ಕೆ ಬರೋಣ. ಒಂದು ದಿನ ದೊಡ್ಡ ಸಾಹೇಬರೇ ದೋಣಿಯಲ್ಲಿದ್ದಾಗ, ಖಾಡಿಯ ಒಳಗೆ, ಇಳಿತದ ಹೊತ್ತಿನಲ್ಲಿ, ಕಾಲು ಏಳಲಿಲ್ಲ. ತಾಂಡೇಲರು ಮೊಣಕಾಲುದ್ದ ಕೆಸರಿಗೆ ಹಾರಿ ದೂಡಿ ನೋಡಿದರು, ದೋಣಿ ಕದಲಲಿಲ್ಲ. ಸಾಹೇಬರು ಬಿಳಿಯ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ದಂಡೆ ಸೇರಿದರೆಂದು ಆಫೀಸಿನಲ್ಲಿ ವದಂತಿ. ಮಾರನೆಯ ದಿನವೇ ಒಂದು ಕಂಪನಿಯವರು ಬಂದು ನೋಡಿ, ಇಳಿಯುವುದು ಸರಿಯಿದೆ, ಏರುವುದು ಇಲ್ಲ, ತಂತಿಗಳೆಲ್ಲ ಮೀಟರಿನಲ್ಲಿ ಸರಿಯಾಗಿವೆ, ಆದ್ದರಿಂದ ಮೋಟಾರೂ ಗೇರೂ ಹೋಗಿವೆ, ಕಾಲನ್ನು ಎಲ್ಲಿಗೋ ಹೊಡೆಸಿದಂತಿದೆ ಎಂದು ಬರೆದು, ಆರಂಕಿಯ ಒಂದು ಕೊಟೇಶನ್ನನ್ನು ಲಗತ್ತಿಸಿದರು. ಅದರ ಬೆನ್ನಿಗೇ ತಾಂಡೇಲರ ಹೆಸರಿಗೆ ನೋಟೀಸು: ಅಜಾಗರೂಕತೆಯಿಂದಾದ ಈ ನಷ್ಟವನ್ನು ನಿಮ್ಮ ಸಂಬಳದಿಂದ ಯಾಕೆ ವಸೂಲು ಮಾಡಬಾರದು, ಏಳು ದಿನಗಳೊಳಗೆ ಬರವಣಿಗೆಯಲ್ಲಿ ಉತ್ತರಿಸತಕ್ಕದ್ದು.

ತಾಂಡೇಲರು ಹೊನ್ನಾವರದ ಕಡೆಯವರು. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತದೊಳಗಿದ್ದ ಜಿಲ್ಲೆ. ಅಲ್ಲಿಯ ಜನಕ್ಕೆ ಮುಂಬಯಿಯ ನಂಟು ಹಳೆಯದು. ಇವರು ಇಪ್ಪತ್ತು ದಾಟಿದೊಡನೆ ಬಂದವರು, ಈಗ ನಿವೃತ್ತಿಗೆ ಎರಡೇ ವರ್ಷ. ವಸೂಲಾಗಬೇಕಾದ ಹಣವನ್ನು ಲೆಕ್ಕಹಾಕಿದರೆ ಆ ಎರಡು ವರ್ಷದ ಸಂಬಳದಲ್ಲಿ ಮನೆಗೆ ಹೋಗುವುದು ಅಷ್ಟಕ್ಕಷ್ಟೆ. ಅದಕ್ಕಿಂತ ಹೆಚ್ಚಾಗಿ, ಮೂವತ್ತೈದು ವರ್ಷ ನೀರಿನ ಮೇಲೆ ಕಳೆದವನ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ "ಅಜಾಗರೂಕ" ಎಂಬ ಶಬ್ದ ಕೂರಲಿತ್ತು.

ಏಳು ದಿನಗಳೊಳಗೆ ಉತ್ತರ ಬಂತು. ಬಂದ ಉತ್ತರ ಕನ್ನಡದಲ್ಲಿತ್ತು. ಮರಾಠಿ ಹಿಂದಿಗಳನ್ನು ಅವರು ನೀರು ಕುಡಿದಂತೆ ಆಡಬಲ್ಲರು. ಆದರೆ ಬರೆಯಲು ಕಲಿತದ್ದು ಊರ ಕನ್ನಡ ಶಾಲೆಯಲ್ಲಿ. ಹೆಡ್ ಕ್ಲಾರ್ಕ್ ಸಾಹೇಬರು ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಇದು ನಿಮ್ಮ ಪೈಕಿಯದೇ ಇರಬೇಕು, ಭಾಷಾಂತರ ಮಾಡಿ ಹಚ್ಚಿಬಿಡಿ" ಎಂದು ನಮ್ಮ ಮೇಜಿಗೆ ಸರಿಸಿದರು.

ಹಾಳೆಯಲ್ಲಿ ಇದ್ದದ್ದು ಇಷ್ಟೆ: "ಕಾಲು ಇಳಿಯುತ್ತದೆ. ಏಳುವುದಿಲ್ಲ. ಇಂಜಿನ್ನು ಚಾಲೂ ಇದ್ದರೆ ಸ್ವಲ್ಪ ಎದ್ದು ನಿಲ್ಲುತ್ತದೆ, ಬಂದ್ ಇದ್ದರೆ ಅಷ್ಟೂ ಇಲ್ಲ. ಸ್ವಿಚ್ಚು ಒತ್ತಿ ಹಿಡಿದರೆ ಇಂಜಿನ್ನಿನ ಎಡಬದಿಯಿಂದ ಬಣ್ಣ ಸುಟ್ಟ ವಾಸನೆ ಬರುತ್ತದೆ. ಮಳೆಗಾಲದಲ್ಲಿ ದೋಣಿಯನ್ನು ದಂಡೆಗೆ ಎತ್ತಿ ಬಣ್ಣ ಹೊಡೆದು ಇಳಿಸಿದ ಮೇಲೆ ಹೀಗೆ. ಮೊದಲು ಹೀಗಿರಲಿಲ್ಲ. ಮೂರು ಸಲ ಬಾಯಿಂದ ಹೇಳಿದ್ದೇನೆ. ನಾನು ಕಾಲನ್ನು ಎಲ್ಲಿಗೂ ಹೊಡೆಸಿಲ್ಲ."

ನಮಗೆ ಆಗ ಮೋಟಾರಿನ ವಿದ್ಯೆ ಏನೂ ತಿಳಿಯದು. ಆದರೆ ಹನ್ನೆರಡು ವರ್ಷ ಅರ್ಜಿಗಳನ್ನು ಓದಿದ ಕಣ್ಣಿಗೆ ಒಂದು ಭೇದ ತಿಳಿಯುತ್ತದೆ. ತಪ್ಪು ಮುಚ್ಚುವವರ ಉತ್ತರದಲ್ಲಿ ವಿಶೇಷಣಗಳಿರುತ್ತವೆ; ಕಂಡದ್ದನ್ನು ಹೇಳುವವರ ಉತ್ತರದಲ್ಲಿ ಸಂಗತಿಗಳಿರುತ್ತವೆ. ಈ ಹಾಳೆಯಲ್ಲಿ ಬರಿಯ ಸಂಗತಿಗಳು. ಒಂದು ಶಬ್ದವನ್ನೂ ಕೂಡಿಸದೆ, ಕಳೆಯದೆ ಭಾಷಾಂತರಿಸಿ ಹಚ್ಚಿದೆವು. ಕೆಳಗೆ, "ಉತ್ತರದಲ್ಲಿ ಹೇಳಿರುವ ಸಂಗತಿಗಳನ್ನು ದೋಣಿಯ ಮೇಲೆ ಪರೀಕ್ಷಿಸಿದ ನಂತರ ವಸೂಲಿಯ ಪ್ರಶ್ನೆಯನ್ನು ಪರಿಶೀಲಿಸಬಹುದು" ಎಂದು ಒಂದು ಸಾಲು ಟಿಪ್ಪಣಿ ಬರೆದೆವು. ಮೇಲಿನವರು ಒಳ್ಳೆಯ ಮನಸ್ಸಿನವರು, ಸಹಿ ಹಾಕಿದರು. ಬಂದರಿನ ಕೆಲಸದಲ್ಲಿ ತಲೆ ನರೆತ, ರತ್ನಾಗಿರಿ ಕಡೆಯ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆಸಲು ಅಪ್ಪಣೆಯಾಯಿತು. ಭಾಷಾಂತರ ಮಾಡಿದವರೇ ಸಾಕ್ಷಿಗಿರಲಿ ಎಂದು ನಮ್ಮನ್ನೂ ಕಳಿಸಿದರು.

ಜೆಟ್ಟಿಯ ಮೇಲೆ ತಾಂಡೇಲರು ಕಾದು ನಿಂತಿದ್ದರು. "ಮತ್ತೆ ಎಂತ ಹೇಳೂದು ರಾಯರೇ, ಬರೆದದ್ದೆಲ್ಲ ಖರೆ" ಎಂದರು. "ತಾಂಡೇಲರೇ, ಬರೆದದ್ದನ್ನೇ ಮಿಸ್ತ್ರಿಯವರಿಗೆ ಇನ್ನೊಮ್ಮೆ ಹೇಳಿ" ಎಂದೆವು.

ಆ ಮಿಸ್ತ್ರಿ ಮಾಡಿದ ಪರೀಕ್ಷೆಯ ಕ್ರಮವನ್ನು ವಾಚಕರಿಗೆ ವಿವರವಾಗಿ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ಅವರು ಬಂದೊಡನೆ ಪಾನಾ ಹಿಡಿಯಲಿಲ್ಲ. ಇಂಜಿನ್ನಿನ ಮುಚ್ಚಳ ತೆರೆದು, ಒಳಗಿನ ಗಾಳಿಯನ್ನು ಹೊರಹಾಕುವ ಫ್ಯಾನು ಹಾಕಿ, ಒಂದು ಬೀಡಿ ಸೇದುವಷ್ಟು ಹೊತ್ತು ಬೀಡಿ ಸೇದದೆ ಕುಳಿತರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂಡಿರುತ್ತದೆ. ತಂತಿಯ ಒಂದು ಕಿಡಿ ಸಾಕು. ಆಮೇಲೆ ಮೂಗಿನಿಂದ ಒಮ್ಮೆ ನೋಡಿ ಸಮಾಧಾನಪಟ್ಟು, ಹೊರಗಿನ ಕಾಲಿಗೆ ಬೀಳದಂತೆ ಹಗ್ಗದ ಆಸರೆ ಕಟ್ಟಿಸಿದರು. ಎತ್ತಿದ ಭಾರದ ಕೆಳಗೆ ಕೈಯಿಡುವ ಮೊದಲು ಆಸರೆ ಎಂಬುದು ಅವರ ಮಂತ್ರ.

ಮೊದಲ ಪ್ರಶ್ನೆ ಬ್ಯಾಟರಿಗೆ. ಇಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಇಂಜಿನ್ನನ್ನು ತಿರುಗಿಸುವ ಸ್ಟಾರ್ಟರು ಕಾಲೆತ್ತುವ ಮೋಟಾರಿಗಿಂತ ಬಹಳ ಹೆಚ್ಚು ಕುಡಿಯುವಂಥದು. ಅದಕ್ಕೆ ಕೊಟ್ಟ ಬ್ಯಾಟರಿ ಇದಕ್ಕೆ ಯಾಕೆ ಕೊಡದು? ಇಂಜಿನ್ನು ನಿಲ್ಲಿಸಿ ಮೀಟರು ಹಿಡಿದರು, 12.6 ವೋಲ್ಟು, ಅಂದರೆ ತುಂಬಿದ ಬ್ಯಾಟರಿ. ಬ್ಯಾಟರಿಯೂ ಅದರ ದಪ್ಪ ತಂತಿಗಳೂ ಪಾಸು.

ಎರಡನೆಯದು ಫ್ಯೂಸು. ನೆಟ್ಟಗಿತ್ತು.

ಮೂರನೆಯದು ರಿಲೇ. ಸ್ವಿಚ್ಚು ಒತ್ತಿದಾಗ ಎರಡೂ "ಟಕ್" ಎಂದವು. ಸದ್ದು ಬಂದ ಮಾತ್ರಕ್ಕೆ ಒಳಗಿನ ಕೂಡಿಕೆ ಸರಿಯೆಂದಲ್ಲ. ಏರಿಕೆಯದೂ ಇಳಿಕೆಯದೂ ಒಂದೇ ಮಾದರಿಯ ರಿಲೇಗಳು. ಮಿಸ್ತ್ರಿ ಎರಡನ್ನೂ ಅದಲುಬದಲು ಮಾಡಿದರು. ರಿಲೇ ಕೆಟ್ಟಿದ್ದರೆ ಈಗ ಏರಬೇಕು, ಇಳಿಯುವುದು ನಿಲ್ಲಬೇಕು. ರೋಗ ರೋಗಿಯ ಬೆನ್ನು ಹತ್ತಬೇಕು ತಾನೆ? ಹತ್ತಲಿಲ್ಲ. ಮೊದಲಿನಂತೆಯೇ ಇಳಿಯಿತು, ಏರದೆ ನರಳಿತು. ಒಂದು ಪೈಸೆ ಖರ್ಚಿಲ್ಲದೆ ಎರಡು ರಿಲೇಗಳು ನಿರಪರಾಧಿಗಳಾದವು.

ನಾಲ್ಕನೆಯದು ಗೇರು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ತಿರುಪುಗೇರಿನ ತುದಿಗೆ ಪಾನಾ ಕೊಟ್ಟು ಕೈಯಿಂದಲೇ ತಿರುಗಿಸಿದರು. ಕಾಲು ಅಂಗುಲ ಅಂಗುಲವಾಗಿ, ಎಲ್ಲಿಯೂ ಕಚ್ಚಿಕೊಳ್ಳದೆ ಎದ್ದಿತು. ಎಲ್ಲಿಗೋ ಹೊಡೆಸಿದ ಕಾಲಾಗಿದ್ದರೆ ಹೀಗೆ ಏಳುತ್ತಿರಲಿಲ್ಲ. ತಾಂಡೇಲರ ಮುಖಕ್ಕೆ ಸ್ವಲ್ಪ ರಕ್ತ ಬಂದದ್ದು ಈ ಹೊತ್ತಿನಲ್ಲಿ.

ಐದನೆಯದು ಮೋಟಾರು. ಬೇರೊಂದು ಬ್ಯಾಟರಿಯನ್ನು ತರಿಸಿ, ದೋಣಿಯ ತಂತಿಗಳ ಗೊಡವೆಯೇ ಇಲ್ಲದೆ, ಎರಡು ದಪ್ಪ ತಂತಿಗಳಿಂದ ನೇರ ಮೋಟಾರಿಗೆ ಕೊಟ್ಟರು. ಕಾಲು "ಗುಂಯ್" ಎಂದು ಕೊನೆಯವರೆಗೆ ಎದ್ದು ನಿಂತಿತು. ಆರಂಕಿಯ ಕೊಟೇಶನ್ನು ಅಲ್ಲಿಗೆ ನೀರುಪಾಲಾಯಿತು.

ಉಳಿದದ್ದು ತಂತಿಗಳು. ಆದರೆ ತಂತಿಗಳೆಲ್ಲ ಮೀಟರಿನಲ್ಲಿ ಸರಿಯಾಗಿವೆಯೆಂದು ಕಂಪನಿಯವರು ಬರೆದಿದ್ದರಲ್ಲ? ಬರೆದದ್ದು ಸುಳ್ಳಲ್ಲ. ತಂತಿಯ ಅಡ್ಡಿಯನ್ನು ಅಳೆಯುವಾಗ ಮೀಟರು ತೀರ ಸಣ್ಣ ವಿದ್ಯುತ್ತನ್ನು ಹಾಯಿಸಿ ನೋಡುತ್ತದೆ. ದಾದರ್ ಸ್ಟೇಶನ್ನಿನ ಸೇತುವೆ ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಎಷ್ಟು ವಿಶಾಲ! ಅದು ಸಾಕಷ್ಟು ಅಗಲವೋ ಅಲ್ಲವೋ ತಿಳಿಯಬೇಕಾದರೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಬೇಕು. ತಂತಿಯನ್ನೂ ಭಾರ ಬಿದ್ದಾಗಲೇ ಪರೀಕ್ಷಿಸಬೇಕು. ಮಿಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಮೋಟಾರಿನಿಂದ ಮರಳುವ ತಂತಿಗೆ ಹಚ್ಚಿ, "ಒತ್ತಿ" ಎಂದರು. ತಾಂಡೇಲರು ಒತ್ತಿದರು. ಮರಳುವ ದಾರಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡದ್ದು 4 ವೋಲ್ಟು. ಕಡ್ಡಿಯನ್ನು ಕೂಡಿಕೆಯಿಂದ ಕೂಡಿಕೆಗೆ ಸರಿಸುತ್ತ ಬಂದರು. ಇಂಜಿನ್ನಿನ ಎಡಬದಿಯ ಒಂದು ಬೋಲ್ಟಿನ ಆಚೆಗೆ 4, ಈಚೆಗೆ ಸೊನ್ನೆ. ಬೆರಳು ಮುಟ್ಟಿಸಿ, "ಮುಟ್ಟಿ ನೋಡಿ" ಎಂದರು. ಸುಡುತ್ತಿತ್ತು. ತಾಂಡೇಲರು ವಾಸನೆ ಬರುತ್ತದೆಂದು ಬರೆದದ್ದು ಅದೇ ಎಡಬದಿ.

1827ರಲ್ಲಿ ಜರ್ಮನಿಯ ಓಮ್ ಎಂಬ ಶಾಲಾ ಮಾಸ್ತರನು ಪ್ರಕಟಿಸಿದ ನಿಯಮವನ್ನು ಮಕ್ಕಳು ಪಾಠದಲ್ಲಿ ಓದುತ್ತಾರೆ. ಮೋಟಾರು 40 ಆಂಪಿಯರ್ ಎಳೆಯುತ್ತದೆನ್ನಿ. ಒಂದು ಕೂಡಿಕೆಯಲ್ಲಿ ಅಡ್ಡಿ ಬರಿಯ 0.1 ಓಮ್. ಗುಣಿಸಿದರೆ 4 ವೋಲ್ಟು ಅಲ್ಲಿಯೇ ನಷ್ಟ. 12ರಲ್ಲಿ ಮೋಟಾರಿಗೆ ಉಳಿದದ್ದು 8. ಕಳೆದುಹೋದದ್ದು 160 ವ್ಯಾಟಿನ ಶಾಖವಾಗಿ ಬೋಲ್ಟನ್ನು ಕಾಯಿಸುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಧಾರಣವಾಗಿ 25 ವ್ಯಾಟಿನದು. ಅರೆಹೊಟ್ಟೆಯ ಮೋಟಾರು ಕಾಲನ್ನು ಇಳಿಸಬಲ್ಲದು, ಕಾಲಿನ ತೂಕವೇ ಸಹಾಯಕ್ಕಿದೆ, ಎತ್ತಲಾರದು. ಇಂಜಿನ್ನು ಓಡುವಾಗ ಆಲ್ಟರ್ನೇಟರು 14 ವೋಲ್ಟಿನಷ್ಟು ಕೊಡುತ್ತದೆ, ಹಾಗಾಗಿ ತುಸು ಏಳುತ್ತದೆ. ತಾಂಡೇಲರ ಹಾಳೆಯ ಒಂದೊಂದು ವಾಕ್ಯಕ್ಕೂ ಹೀಗೆ ಅರ್ಥ ಬಂತು. ರೋಗದ ಲಕ್ಷಣಗಳನ್ನೆಲ್ಲ ಅವರು ಬರೆದುಕೊಟ್ಟಿದ್ದರು. ಓದಬಲ್ಲವರ ಮೇಜಿಗೆ ಅದು ಬಂದಿರಲಿಲ್ಲ, ಅಷ್ಟೆ.

ಬೋಲ್ಟು ಬಿಚ್ಚಿದಾಗ ಕಂಡದ್ದು ಹಸಿರು ಕಿಲುಬು, ಅದರ ಕೆಳಗೆ ನುಣ್ಣಗಿನ ಬಣ್ಣ. ಮಳೆಗಾಲದಲ್ಲಿ ತಂತಿ ಬಿಚ್ಚಿ ಇಂಜಿನ್ನಿಗೆ ಬಣ್ಣ ಹೊಡೆದು, ಬಣ್ಣದ ಮೇಲೆಯೇ ತಂತಿಯ ಕೊಂಡಿಯನ್ನು ಕೂರಿಸಿದ್ದಾರೆ. ಬಣ್ಣದಲ್ಲಿ ವಿದ್ಯುತ್ತು ಹರಿಯದು. ಬೋಲ್ಟಿನ ಎಳೆಗಳ ಮೂಲಕ ಹೇಗೋ ಕೆಲವು ವಾರ ನಡೆಯಿತು. ಉಪ್ಪುಗಾಳಿ ಹೊಕ್ಕು ಆ ದಾರಿಯೂ ಕಟ್ಟಿತು. ಮಿಸ್ತ್ರಿ ಬಣ್ಣವನ್ನು ಹೆರೆದು ಲೋಹ ಮಿನುಗುವಂತೆ ಉಜ್ಜಿ, ತವರ ಹಚ್ಚಿದ ತಾಮ್ರದ ಹೊಸ ಕೊಂಡಿ ಒತ್ತಿ, ಬೋಲ್ಟು ಬಿಗಿದು, ನೀರು ತಗಲದಂತೆ ಮೇಲೆ ಗ್ರೀಸು ಬಳಿದರು. "ಒತ್ತಿ" ಎಂದರು. ಕಾಲು ಎದ್ದಿತು; ಇಳಿಯಿತು; ಮತ್ತೆ ಎದ್ದಿತು. ತಾಂಡೇಲರು ನಾಲ್ಕನೆಯ ಸಲವೂ ಒತ್ತಿದರು. ಅದು ಪರೀಕ್ಷೆಗಲ್ಲ.

ಎದ್ದ ಕಾಲಿಗೆ ಸುಣ್ಣದ ಚಿಪ್ಪಿನ ಸಣ್ಣ ಜೀವಿಗಳು ಹತ್ತಿದ್ದವು. ನಡುವೆ ಅರ್ಧ ತಿಂದ ಬಿಸ್ಕತ್ತಿನಂಥ ಬೂದುಬಣ್ಣದ ಒಂದು ತುಂಡು. ಇದೇನು ಕೆಟ್ಟಿದೆಯಲ್ಲ ಎಂದು ಕೇಳಿದೆವು. "ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ" ಎಂದರು ಮಿಸ್ತ್ರಿ. ಅದು ಸತು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಕೂಡಿದ್ದರೆ ಬ್ಯಾಟರಿಯಂತಾಗಿ ಒಂದು ಕರಗತೊಡಗುತ್ತದೆ. ಸತುವನ್ನು ಜೊತೆಗೆ ಕಟ್ಟಿದರೆ ಅದು ತಾನು ಮುಂದಾಗಿ ಕರಗಿ, ಅಲ್ಯೂಮಿನಿಯಮಿನ ಕಾಲನ್ನು ಉಳಿಸುತ್ತದೆ. ಹಂಫ್ರಿ ಡೇವಿ ಎಂಬ ವಿಜ್ಞಾನಿ 1824ರಲ್ಲಿ ಇಂಗ್ಲೆಂಡಿನ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಉಳಿಸಲು ಕಂಡುಹಿಡಿದ ಉಪಾಯವಿದು. ತಾಮ್ರವೇನೋ ಉಳಿಯಿತು, ಆದರೆ ಕರಗುವ ತಾಮ್ರದ ವಿಷ ನಿಂತದ್ದರಿಂದ ಚಿಪ್ಪುಜೀವಿಗಳು ಹಬ್ಬ ಮಾಡಿದವು, ಹಡಗುಗಳ ವೇಗ ಕುಗ್ಗಿತು. ಸತುವಿಗೂ ಬಣ್ಣ ಹೊಡೆಯಬಾರದೆಂದು ಮಿಸ್ತ್ರಿ ಎಚ್ಚರಿಸಿದರು. ಬಣ್ಣ ಹೊಡೆದರೆ ಚಂದ ಕಾಣುತ್ತದೆ, ಕೆಲಸ ನಿಲ್ಲುತ್ತದೆ.

ಆಫೀಸಿಗೆ ಮರಳಿ ವರದಿ ಬರೆಯುವಾಗ ಒಂದು ತೊಡಕು ಎದುರಾಯಿತು. ನಮೂನೆಯಲ್ಲಿ "ಹೊಣೆಗಾರರ ಹೆಸರು" ಎಂದು ಒಂದು ಕಾಲಮ್ಮು. ಬಣ್ಣ ಹೊಡೆದವರು ಯಾರೆಂದು ಮಿಸ್ತ್ರಿಯನ್ನು ಕೇಳಿ ಬರೆಯಬೇಕೆಂದು ಹೆಡ್ ಕ್ಲಾರ್ಕ್ ಸಾಹೇಬರ ಸೂಚನೆ. ಫೋನಿನಲ್ಲಿ ಕೇಳಿದಾಗ ಆ ಮುದುಕರು, "ಹೆಸರು ನನಗೆ ಬೇಡ. ಮುಂದಿನ ಸಲ ಬಣ್ಣ ಹೊಡೆಯುವಾಗ ಆ ಜಾಗಕ್ಕೆ ಪಟ್ಟಿ ಅಂಟಿಸಿ ಎಂದು ಬರೆಯಿರಿ. ಅದು ದೋಣಿಗೆ ಉಪಯೋಗ" ಎಂದರು. ಹಾಗೆಯೇ ಬರೆದೆವು. ಹೆಸರಿನ ಕಾಲಮ್ಮಿನಲ್ಲಿ "ಅನ್ವಯಿಸುವುದಿಲ್ಲ". ನೋಟೀಸು ಹಿಂದಕ್ಕೆ ಪಡೆದದ್ದಾಯಿತು. ಸೇವಾ ಪುಸ್ತಕದ ಆ ಪುಟ ಖಾಲಿ ಉಳಿಯಿತು. ತಾಂಡೇಲರ ಕನ್ನಡದ ಹಾಳೆ ಮಾತ್ರ ಫೈಲಿನಲ್ಲಿದೆ, ನಮ್ಮ ಭಾಷಾಂತರ ಅದರ ಬೆನ್ನಿಗೆ.

ಅಂದಿನಿಂದ ಮಿಸ್ತ್ರಿಯ ಕ್ರಮವನ್ನು ನಾವು ಮನೆಗೂ ತಂದಿದ್ದೇವೆ. ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮೊದಲು ದಿನಾ ಅದರ ಜೊತೆಗಿರುವವರನ್ನು ಕೇಳುವುದು: ಯಾವಾಗಿನಿಂದ, ಅದಕ್ಕೆ ಮುಂಚೆ ಏನಾಗಿತ್ತು, ಯಾವಾಗ ಹೆಚ್ಚು, ಯಾವಾಗ ಕಡಿಮೆ? ಆಮೇಲೆ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು. ಹೋಗುವ ದಾರಿಯನ್ನು ನೋಡಿದಂತೆಯೇ ಮರಳುವ ದಾರಿಯನ್ನೂ ನೋಡುವುದು. ಸುಮ್ಮನಿದ್ದಾಗಲ್ಲ, ಭಾರ ಬಿದ್ದಾಗ ನೋಡುವುದು.

ಮಿಕ್ಸರಿಗೆ, ಸೊಸೈಟಿಯ ನೀರಿನ ಪಂಪಿಗೆ, ಇನ್ವರ್ಟರಿಗೆ ಇದು ಸಾಕು. ಅಷ್ಟಕ್ಕೇ ನಿಲ್ಲಬೇಕೆಂದೂ ಇಲ್ಲ. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಮಗು ಕನ್ನಡ ಮಾತಾಡುವುದಿಲ್ಲ ಎಂಬ ದೂರು ತಿಂಗಳಿಗೊಮ್ಮೆ ಏಳುತ್ತದೆ. ಕೂಡಲೇ ಬರೆ ಹಾಕಲು ಎಮ್ಮೆ ಹುಡುಕುತ್ತೇವೆ: ಶಾಲೆ, ಟಿವಿ, ಪಕ್ಕದ ಮನೆಯ ಹುಡುಗರು, ಕೊನೆಗೆ ಮಗುವೇ. ನಾವು ಕನ್ನಡದಲ್ಲಿ ಕೇಳಿದ್ದು ಮಗುವಿಗೆ ಮುಟ್ಟುತ್ತಿದೆ. ಮಗು ತಪ್ಪು ಕನ್ನಡದಲ್ಲಿ ಉತ್ತರಿಸಿದಾಗ ಅದು ನಮಗೆ ಮುಟ್ಟಲು ಬಿಡುತ್ತೇವೆಯೇ, ಅಥವಾ ನಕ್ಕುಬಿಡುತ್ತೇವೆಯೇ? ಆ ಕೂಡಿಕೆಯಲ್ಲಿ ಬಣ್ಣ ಕೂತಿದೆಯೋ ಏನೋ, ಒಮ್ಮೆ ಬಿಚ್ಚಿ ನೋಡಬಹುದು. ಇದೂ ಖರ್ಚಿಲ್ಲದ ಪರೀಕ್ಷೆಯೇ.

ತಾಂಡೇಲರು ಕಳೆದ ತಿಂಗಳು ಊರಿಗೆ ಹೋಗಿ ಬಂದವರು, ಒಂದು ಡಬ್ಬಿ ತೊಡೆದೇವು ತಂದು ನಮ್ಮ ಮೇಜಿನ ಮೇಲಿಟ್ಟರು. ಸರ್ಕಾರಿ ನೌಕರರು ಇಂಥದನ್ನು ತೆಗೆದುಕೊಳ್ಳಬಾರದೆಂದು ನಿಯಮವಿದೆ ಎಂದೆವು. "ಇದು ನಿಮಗಲ್ಲ ರಾಯರೇ, ಮಕ್ಕಳಿಗೆ" ಎಂದರು. ಆ ಡಬ್ಬಿ ಎಷ್ಟು ಬೇಗ ಖಾಲಿಯಾಯಿತು ಎಂದು ಮನೆಯಲ್ಲಿ ಈಗ ತನಿಖೆ ನಡೆದಿದೆ. ಯಾರು ಎಂದು ಯಾರೂ ಕೇಳಬಾರದೆಂದು ನಾವು ಮೊದಲೇ ಸೂಚಿಸಿದ್ದೇವೆ.